ಖಾರಕ್ಕೆ ಸೀನದ ರುಕ್ಮವ್ವ

ರುಕ್ಮವ್ವನ ಗಂಡ ತೀರಿಕೊಂಡಿದ್ದಾನೆಂದು ನಾನೊಮ್ಮೆ ತಿಳಿದುಕೊಂಡಿದ್ದೆ. ತಿಳಿದುಕೊಂಡು ಸುಮ್ಮನಿದ್ದಿದ್ದರೆ ಮಾನ ಉಳಿಯುತ್ತಿತ್ತು. ಸಮಾಧಾನ ಹೇಳಲು ಹೋದೆ.

ಸಂಕ್ರಮಣ ಮುಗಿದ ವಾರ ಅದು. ಮೆಣಸಿನಕಾಯಿ ಚೀಲ ಹೊತ್ತು ಜೋರಾಪುರ ಪೇಟೆಯ ಶಂಕರೆಪ್ಪನ ಖಾರ ಕುಟ್ಟುವ ಗಿರಣಿಗೆ ಹೋಗಿದ್ದೆ. ಒಳಗೆ ಒನಕೆಯ ಮುಂದೆ ಇರಬೇಕಾದ ರುಕ್ಮವ್ವ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಳು. ಕಣ್ಣು ಕೆಂಡವಾಗಿದ್ದವು. ಮೂಗಿನಿಂದ, ಕಣ್ಣಿನಿಂದ ಒಂದೇ ಸಮ ನೀರು. ಸೆರಗಿನಿಂದ ಒರೆಸಿ ಒರೆಸಿ ಹಣೆಯ ಕುಂಕುಮವೂ ಅಳಿಸಿಹೋಗಿತ್ತು. ಬರಿ ಹಣೆ, ಅಳುವ ಕಣ್ಣು. ಇಷ್ಟಿದ್ದ ಮೇಲೆ ಬುದ್ಧಿವಂತನಾದವನಿಗೆ ಇನ್ನೇನು ಬೇಕು?

"ಆಗೂದು ಆಗಿಹೋತು, ರುಕ್ಮವ್ವ," ಎಂದೆ. "ಹುಟ್ಟಿದವ್ರು ಒಂದಿನ ಹೋಗಾಕ ಬೇಕು. ಭಾಗಪ್ಪ ಭಾಳ ಸಂಭಾವಿತ ಮನುಷ್ಯಾ ಇದ್ದ."

"ಇದ್ದ ಅಲ್ರಿ, ಅದಾನ," ಎಂದಿತು ಬೆನ್ನ ಹಿಂದಿನಿಂದ ಒಂದು ದನಿ. ತಿರುಗಿ ನೋಡಿದರೆ ಭಾಗಪ್ಪನೇ ಬೀಡಿ ಹೊತ್ತಿಸುತ್ತ ನಿಂತಿದ್ದಾನೆ. "ಸಂಭಾವಿತ ಅಂದ್ರಲ್ಲ, ಆ ಮಾತಿಗೆ ಒಂದ್ ಚಾ ಕುಡಸ್ರಿ ಮತ್ತ."

ರುಕ್ಮವ್ವ ನಗಲು ಹೋದಳು. ನಗೆಯ ಬದಲು ಸೀನು ಬಂತು. ಒಂದರ ಬೆನ್ನಿಗೆ ಒಂದು, ಉಸಿರು ಹಿಡಿಯಲೂ ಬಿಡದ ಸೀನು. ಕೊನೆಗೆ ಕೆಮ್ಮು. ಆಗ ನನಗೆ ತಿಳಿಯಿತು, ಭಾಗಪ್ಪ ಸತ್ತ ಸುದ್ದಿಗಿಂತ ದೊಡ್ಡ ಸುದ್ದಿ ಇಲ್ಲಿದೆ. ರುಕ್ಮವ್ವ ಸೀನುತ್ತಿದ್ದಾಳೆ!

ಇದು ಯಾಕೆ ಸುದ್ದಿಯೆಂಬುದನ್ನು ಹೇಳಬೇಕು. ನಮ್ಮ ಕಡೆ ವರ್ಷದ ಮಸಾಲೆ ಖಾರವೆಂದರೆ ಮನೆಯ ಮರ್ಯಾದೆ. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು, ಕೊತ್ತಂಬರಿ, ಜೀರಿಗೆ, ಒಣಕೊಬ್ಬರಿ ಎಲ್ಲವನ್ನೂ ಹುರಿದು ಗಿರಣಿಗೆ ಒಯ್ಯುತ್ತಾರೆ. ಮನೆಯ ಹೆಂಗಸು ಅಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂರುತ್ತಾಳೆ. ಬೇರೆಯವರ ಖಾರ ತಮ್ಮ ಖಾರದಲ್ಲಿ ಒಂದು ಚಿಟಿಕೆಯೂ ಬೆರೆಯಬಾರದು. ಎಲ್ಲಕ್ಕಿಂತ ಮುಖ್ಯ, ಕುಟ್ಟುವಾಗ ಖಾರದ ಮೇಲೆ ಜೋಡಿ ಸೀನು ನಡೆದೀತು, ಒಂಟಿ ಸೀನು ಬೀಳಬಾರದು. ಬಿದ್ದರೆ ಆ ಖಾರ ವರ್ಷ ತಡೆಯುವುದಿಲ್ಲ, ಹುಳ ಬೀಳುತ್ತದೆ, ಮನೆಯಲ್ಲಿ ಜಗಳ ಹುಟ್ಟುತ್ತದೆ. ಜಗಳ ಇಲ್ಲದ ಮನೆಯನ್ನು ನಾನು ಜೋರಾಪುರ ಪೇಟೆಯಲ್ಲಿ ಇನ್ನೂ ನೋಡಿಲ್ಲ, ಆ ಮಾತು ಬೇರೆ.

ಕಾವಲು ಕುಳಿತವರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೂ ಸೀನುತ್ತ ಬೀದಿಗೆ ಓಡಿ ಬರುತ್ತಿದ್ದರು. ರುಕ್ಮವ್ವ ಮಾತ್ರ ಕೆಂಪು ಧೂಳಿನ ನಡುವೆ ಬರಿ ಮುಖದಲ್ಲಿ ನಿಂತು ಒನಕೆಯ ಕೆಳಗೆ ಮೆಣಸಿನಕಾಯಿ ನೂಕುತ್ತಿದ್ದಳು, ಸಾಣಿಗೆಯಲ್ಲಿ ಸೋಸುತ್ತಿದ್ದಳು, ಬಂದವರ ಮಕ್ಕಳು ಮರಿಗಳನ್ನು ವಿಚಾರಿಸುತ್ತಿದ್ದಳು. "ನಮ್ಮ ರುಕ್ಮವ್ವನ ಮೂಗು ಸರ್ಕಾರಿ ಕಚೇರಿ ಇದ್ದಂಗ್ರಿ," ಎಂದು ಶಂಕರೆಪ್ಪ ಗಿರಾಕಿಗಳಿಗೆ ಹೇಳುತ್ತಿದ್ದ. "ಏನರೆ ಒಳಗ ಹೋಗ್ಲಿ, ಹೊರಗ ಏನೂ ಬರೂದಿಲ್ಲ." ಬೇರೆ ಗಿರಣಿಗಳಿದ್ದರೂ ಜಲನಗರದ ನೌಕರದಾರರ ಮನೆಯವರು ಆಟೋ ಮಾಡಿಕೊಂಡು ಇಲ್ಲಿಗೇ ಬರುತ್ತಿದ್ದದ್ದು ಈ ಮೂಗನ್ನು ನಂಬಿ. ಅವರಲ್ಲಿ ಕೆಲವರು ಆಕೆಯ ಕೈಯಿಂದ ನೀರು ಇಸಿದುಕೊಳ್ಳುತ್ತಿರಲಿಲ್ಲ. ಆಕೆ ಕುಟ್ಟಿದ ಖಾರವನ್ನು ಮಾತ್ರ ವರ್ಷವಿಡೀ ಚಪ್ಪರಿಸಿ ಉಣ್ಣುತ್ತಿದ್ದರು. ಮೈಲಿಗೆಯನ್ನು ಸುಡುವ ಶಕ್ತಿ ಗುಂಟೂರು ಮೆಣಸಿನಕಾಯಿಗೆ ಇದೆಯೆಂದು ಕಾಣುತ್ತದೆ.

ರುಕ್ಮವ್ವ ಹುಟ್ಟಿದ್ದು ತಿಕೋಟಾದಲ್ಲಿ. ಹುಡುಗಿಯಾಗಿದ್ದಾಗ ಅಲ್ಲಿಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ತೊಟ್ಟು ಬಿಡಿಸುತ್ತಿದ್ದಳಂತೆ. ಭಾಗಪ್ಪನನ್ನು ಮದುವೆಯಾಗಿ ನಮ್ಮೂರಿನ ಇಬ್ರಾಹಿಂಪುರ ಓಣಿಗೆ ಬಂದಳು. ಭಾಗಪ್ಪ ಹಮಾಲಿ ಮಾಡುತ್ತಿದ್ದ, ಬೆನ್ನು ಹಿಡಿದ ಮೇಲೆ ಬೀಡಿ ಮಾತ್ರ ಎತ್ತುತ್ತಾನೆ. ಮನೆ ನಡೆದದ್ದು ಮೂಗಿನ ಮೇಲೆ.

ಆ ಮೂಗು ಕೆಟ್ಟದ್ದು ಹೀಗೆ. ದೀಪಾವಳಿಯ ಹೊತ್ತಿಗೆ ಓಣಿಯಲ್ಲಿ ಯಾರೋ ಆರೋಗ್ಯ ಶಿಬಿರ ಮಾಡಿದರು. ರುಕ್ಮವ್ವನಿಗೆ ಬೀಪಿ ಇದೆಯೆಂದು ಗುಳಿಗೆ ಕೊಟ್ಟರು. ದಿನಾ ತಪ್ಪದೆ ನುಂಗಿದಳು. ಚಳಿಗಾಲದಲ್ಲಿ ಓಣಿಗೆಲ್ಲ ನೆಗಡಿ ಬಂತು, ಓಣಿಯವರದು ಹೋಯಿತು, ಈಕೆಯದು ಹೋಗಲಿಲ್ಲ. ಒಣ ಕೆಮ್ಮು ಹತ್ತಿತು. ಒಂದು ದಿನ ಯಾರದೋ ಮದುವೆಯ ಖಾರ ಕುಟ್ಟುತ್ತಿದ್ದಾಗ, ಇಡೀ ಬೀಗರ ದಂಡು ನೋಡುತ್ತಿದ್ದಂತೆ, ಕೆಂಪಗೆ ರಾಶಿ ಬಿದ್ದ ಖಾರದ ಮೇಲೆ ರುಕ್ಮವ್ವ ಸೀನಿಬಿಟ್ಟಳು. ಅದೂ ಒಂಟಿ ಸೀನು. ಎರಡನೆಯದಕ್ಕಾಗಿ ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಬರಲಿಲ್ಲ. ಮದುವಣಗಿತ್ತಿಯ ತಾಯಿ ಎದೆ ಹಿಡಿದುಕೊಂಡು ಅಲ್ಲೇ ಕುಳಿತಳು. ಶಂಕರೆಪ್ಪ ಅಷ್ಟೂ ಖಾರದ ನಷ್ಟವನ್ನು ತನ್ನ ಮೈಮೇಲೆ ಹಾಕಿಕೊಂಡು ಹೊಸದಾಗಿ ಕುಟ್ಟಿಸಿಕೊಟ್ಟ.

ಅಂದಿನಿಂದ ಆಕೆ ಕಟ್ಟೆಗೆ ಬಂದಳು, ಚೀಲ ಹೊಲಿಯುವ ಕೆಲಸಕ್ಕೆ.

"ಶಿವರಾತ್ರಿ ಮಟಾ ನೋಡ್ತೇನಿ ಬೇ," ಎಂದಿದ್ದ ಶಂಕರೆಪ್ಪ. ಶಿವರಾತ್ರಿ ಮುಗಿದರೆ ಖಾರದ ಸುಗ್ಗಿ ಶುರು. "ಅಷ್ಟರಾಗ ಮೂಗು ನೆಟ್ಟಗಾತಂದ್ರ ಒನಕಿ ನಿಂದ. ಇಲ್ಲಂದ್ರ ಬಬಲೇಶ್ವರದಾಕಿ ಒಬ್ಬಾಕಿ ನಾ ಬರ್ತೇನಿ ಅನ್ನಾಕತ್ತಾಳ."

ಕೆಮ್ಮು ಕೇಳಿದ ಜನ ಟೀಬಿ ಎಂದರು. ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಇಲ್ಲ ಎಂದರು. ಜನ ಆಸ್ಪತ್ರೆಗಿಂತ ತಮ್ಮ ಕಿವಿಯನ್ನೇ ನಂಬಿದರು. ಸೊಸೆ ಸಪ್ನಾ ಒಂದು ತಾಟು, ಒಂದು ತಂಬಿಗೆ ಬೇರೆ ತೆಗೆದಿಟ್ಟಳು. "ಅಕೀದೇನ ತಪ್ಪಿಲ್ರಿ, ಮನ್ಯಾಗ ಕೂಸೈತಿ," ಎಂದು ರುಕ್ಮವ್ವ ನನಗೆ ಹೇಳುವಾಗ ಅಳುತ್ತಿದ್ದಳೋ, ಮೂಗಿನ ನೀರೋ, ಈ ಸಲ ನಾನು ತೀರ್ಮಾನಕ್ಕೆ ಬರುವ ಧೈರ್ಯ ಮಾಡಲಿಲ್ಲ. ನಡುವೆ ಒಮ್ಮೆ ತಿಕೋಟಾಕ್ಕೆ ಹೋಗಿ ಹಳೆಯ ದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ ಕೇಳಿದಳು. ಅಲ್ಲಿ ಗಂಧಕದ ಹೊಗೆ ಹಾಕುತ್ತಿದ್ದರು. ಗೇಟು ದಾಟುವ ಮೊದಲೇ ಕೆಮ್ಮು ಹತ್ತಿ ಬಗ್ಗಿ ಕುಳಿತಳು. "ಯವ್ವಾ, ಇವು ಪರದೇಶಕ್ಕ ಹೋಗೂ ಮಾಲು," ಎಂದು ಕಾವಲುಗಾರ ಗೇಟಿನಿಂದಲೇ ವಾಪಸು ಕಳಿಸಿದ.

ಇಷ್ಟನ್ನೂ ನಾನು ನೆರೆಮನೆಯ ವೇದವ್ಯಾಸರಾಯರಿಗೆ ಹೇಳಿದೆ. ರಾಯರು ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸಿ ನಿವೃತ್ತರಾದವರು. ಜಲನಗರದ ಅವರ ಮನೆಯ ಗೇಟಿನ ಮೇಲಿರುವ ಪದವಿಗಳ ಫಲಕ ಗೇಟಿಗಿಂತ ತುಸು ಅಗಲವಾಗಿದೆ. ಗೇಟು ತೆರೆದರೆ ಪಕ್ಕದ ಮನೆಯವರಿಗೂ ಒಂದೆರಡು ಪದವಿ ಸಿಗುತ್ತವೆ. ಅವರು ಮಳೆ ಬಂತು ಎನ್ನುವುದಿಲ್ಲ, ವಾತಾವರಣದ ತೇವಾಂಶ ಘನೀಭವಿಸಿತು ಎನ್ನುತ್ತಾರೆ. ಬಡಾವಣೆಯ ಹಿರಿಯ ನಾಗರಿಕರ ಬಳಗದಲ್ಲಿ ಅವರ ಉಪನ್ಯಾಸಗಳು ನಡೆಯುತ್ತವೆ. ಹಿಂದಿನದು ಪಿತ್ತಕೋಶದ ಮೇಲಿತ್ತು. ಅಧ್ಯಕ್ಷರು ಗೊರಕೆ ಹೊಡೆದರು, ವಂದನಾರ್ಪಣೆ ಮಾಡಬೇಕಾದವರು ಎದ್ದು ಮನೆಗೆ ಹೋಗಿದ್ದರು. ರಾಯರು ಆ ಗಾಯವನ್ನು ಮರೆತಿರಲಿಲ್ಲ.

"ಕರಕೊಂಡು ಬರ್ರಿ ಆಕಿನ್ನ," ಎಂದರು.

ಕರೆದುಕೊಂಡು ಹೋದೆ. "ಕೂಡು," ಎಂದರು, ಎಲ್ಲಿ ಎಂದು ಹೇಳಲಿಲ್ಲ. ರುಕ್ಮವ್ವ ನೆಲ ಆರಿಸಿಕೊಂಡಳು.

"ಏನೇನು ಗುಳಿಗಿ ತಗೋತಿ?"

ಸೆರಗಿನ ಗಂಟು ಬಿಚ್ಚಿ ಗುಳಿಗೆಯ ಪಟ್ಟಿ ಕೊಟ್ಟಳು. "ಬೀಪೀದ್ರಿ ಸರ್ರ. ದೀಪಾವಳಿಯಿಂದ ತಗೊಳ್ಳಾಕತ್ತೇನಿ."

ರಾಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಸರು ಓದಿದರು. ಅವರ ಮುಖ ನಿಧಾನವಾಗಿ ಅರಳಿತು. ಹೊಲದಲ್ಲಿ ನೇಗಿಲಿಗೆ ಹೊನ್ನಿನ ಕೊಪ್ಪರಿಗೆ ತಗುಲಿದವನ ಮುಖ ಹಾಗಿರುತ್ತದೆ. "ಇದನ್ನ ಬಿಡಬ್ಯಾಡ," ಎಂದರು. "ಒಂದಿನಾನೂ ತಪ್ಪಸಬ್ಯಾಡ. ಬ್ಯಾರೆ ಡಾಕ್ಟರ್ ಕಡೆ ಹೋಗಬ್ಯಾಡ. ನಾ ಅಭ್ಯಾಸ ಮಾಡ್ಲಿಕತ್ತೇನಿ. ರವಿವಾರಕ್ಕೊಮ್ಮೆ ಬಾ."

"ನೀವು ಹೇಳಿದಂಗ್ರಿ," ಎಂದು ರುಕ್ಮವ್ವ ನೆಲಕ್ಕೆ ಕೈ ಮುಟ್ಟಿ ನಮಸ್ಕಾರ ಮಾಡಿದಳು. ಚಿಕಿತ್ಸೆ ಶುರುವಾಯಿತೆಂದು ಆಕೆ ತಿಳಿದಳು. ಆಕೆ ಹಾಗೆ ತಿಳಿದದ್ದನ್ನು ನೋಡಿ ನಾನೂ ಹಾಗೇ ತಿಳಿದೆ.

ರವಿವಾರಗಳು ಹೀಗೆ ನಡೆದವು. ರಾಯರು ಖಾರದ ಡಬ್ಬಿಯ ಮುಚ್ಚಳ ತೆಗೆದು ಆಕೆಯ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಆಕೆ ಸೀನುತ್ತಿದ್ದಳು. ರಾಯರು ಕೈಗಡಿಯಾರ ನೋಡಿಕೊಂಡು "ಭೇಷ್!" ಎನ್ನುತ್ತಿದ್ದರು. ಕೆಮ್ಮು ಜೋರಾದಷ್ಟೂ ಅವರಿಗೆ ಹುರುಪು. ನೀರು ಕೇಳಿದರೆ "ಈಗ ಕುಡಿಬ್ಯಾಡ, ಫಲಿತಾಂಶ ಕೆಡ್ತದ," ಎನ್ನುತ್ತಿದ್ದರು. ರುಕ್ಮವ್ವ ಸೆರಗು ಹಿಂಡುತ್ತ ಇಬ್ರಾಹಿಂಪುರಕ್ಕೆ ನಡೆದುಹೋಗಿ ಓಣಿಗೆಲ್ಲ ಹೇಳುತ್ತಿದ್ದಳು: "ದೊಡ್ಡ ಸರ್ರು ನನ್ನ ಮೂಗಿಗೆ ಔಷಧ ಹುಡಕಾಕತ್ತಾರ. ಎಷ್ಟ್ ಕಷ್ಟಾ ಪಡ್ತಾರ, ಪಾಪ."

ಶಿವರಾತ್ರಿ ಹತ್ತಿರ ಬಂತು. ರುಕ್ಮವ್ವ ಧೈರ್ಯ ಮಾಡಿ ಕೇಳಿದಳು. "ಸರ್ರ, ಶಂಕರೆಪ್ಪ ಶಿವರಾತ್ರಿ ಮಟಾ ಅಂದಾನ್ರಿ. ಅಷ್ಟರಾಗ ಆಗ್ತೈತೇನ್ರಿ?"

"ವಿಜ್ಞಾನಕ್ಕ ಶಿವರಾತ್ರಿ ಗೊತ್ತಿಲ್ಲ, ರುಕ್ಮವ್ವಾ. ಶಿವರಾತ್ರಿ ಆದ ರವಿವಾರ ನನ್ನ ಉಪನ್ಯಾಸ ಅದ. ಅವತ್ತು ನಿನ್ನ ಮೂಗಿನ ಗುಟ್ಟು ಎಲ್ಲಾರ ಮುಂದ ಬಿಚ್ಚತೇನಿ."

ಆಕೆ ಶಂಕರೆಪ್ಪನ ಕೈಕಾಲು ಹಿಡಿದು ಆ ರವಿವಾರ ಕಳೆಯುವ ತನಕ ತಡೆಯಲು ಒಪ್ಪಿಸಿದಳು. "ಸೋಮವಾರ ಮುಂಜಾನಿ ನಿನ್ನ ಮೂಗು ಇಲ್ಲ್ ತಂದ್ ತೋರಸು," ಎಂದ ಅವನು.

ಆ ರವಿವಾರ ಬಳಗದ ಸಭಾಗೃಹ ತುಂಬಿತ್ತು. ಪಿತ್ತಕೋಶಕ್ಕೆ ಬಾರದವರೂ ಜೀವಂತ ಪ್ರಾತ್ಯಕ್ಷಿಕೆ ಇದೆಯೆಂದು ಬಂದಿದ್ದರು. ಮುಂದಿನ ಸಾಲುಗಳಲ್ಲಿ ಜಲನಗರದ ಗೃಹಿಣಿಯರು, ಪೇಟೆಯ ವ್ಯಾಪಾರಸ್ಥರ ಹೆಂಡಂದಿರು. ವೇದಿಕೆಯ ಮೇಲೆ ಕುರ್ಚಿಯಲ್ಲಿ ರುಕ್ಮವ್ವ. ಪೆಟ್ಟಿಗೆಯಲ್ಲಿ ಮಡಿಚಿಟ್ಟಿದ್ದ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಇವತ್ತು ಗುಣವಾಗುವ ದಿನ ಎಂದು ಗಂಡನನ್ನೂ ಕರೆತಂದಿದ್ದಳು. ಅವನು ಬಾಗಿಲಲ್ಲಿ ನಿಂತಿದ್ದ.

ರಾಯರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅವತ್ತು ಅವರು ಹೇಳಿದ್ದು ನನಗೂ ತಿಳಿಯಿತು.

"ಮೂಗಿನ ಒಳಗ ಸಣ್ಣ ಸಣ್ಣ ನರಗಳಾವ," ಎಂದು ಶುರು ಮಾಡಿದರು. "ಖಾರದ ಧೂಳು ತಾಗಿತು ಅಂದ್ರ ಆ ನರಗಳು ಡಂಗುರದವರನ್ನ ಬಿಡ್ತಾವ. ಆ ಡಂಗುರದವರಿಗೆ ನಮ್ಮ ಶಾಸ್ತ್ರದಾಗ ನ್ಯೂರೋಪೆಪ್ಟೈಡ್ ಅಂತಾರ. ವೈರಿ ಬಂದಾನ, ನೀರು ಬಿಡ್ರಿ, ಬಾತುಕೊಳ್ರಿ, ಸೀನ್ರಿ ಅಂತ ಅವರು ಓಣಿ ಓಣಿ ಸಾರತಾರ. ಸಾರಲೇಬೇಕು, ಇಲ್ಲಾಂದ್ರ ಧೂಳು ಎದಿಗೆ ಇಳೀತದ. ಆದ್ರ ಸಾರಿದ್ದು ಸಾಕು ಅಂತ ಅವರ ಬಾಯಿ ಮುಚ್ಚಿಸಲಿಕ್ಕೂ ಯಾರಾದ್ರೂ ಬೇಕಲ್ಲ? ಅವರೇ ಕಿಣ್ವಗಳು. ಡಂಗುರದವರನ್ನ ಹಿಡದು ತುಂಡು ತುಂಡು ಮಾಡಿಬಿಡ್ತಾರ. ಮೂಗಿನಾಗ ಇಂಥಾ ಒಬ್ಬ ಫೌಜದಾರ ಇದ್ದಾನ, ಅವನ ಕೈಕೆಳಗ ಹವಾಲ್ದಾರ ಇದ್ದಾನ. ಇಬ್ಬರೂ ಚೊಕ್ಕ ಇದ್ರ ಈಕಿ ಹಂಗ ಖಾರದಾಗ ನಿಂತು ಹರಟಿ ಹೊಡೀಬಹುದು."

ಸಭೆ ನಕ್ಕಿತು. ರುಕ್ಮವ್ವನೂ ನಕ್ಕಳು.

"ಈಗ ಏನಾತು? ನೆಗಡಿ ಬಂದ್ರ, ಹೊಗಿ ಕುಡದ್ರ ಫೌಜದಾರ ಸೊರಗತಾನ. ಈಕಿಗೆ ನೆಗಡಿ ಬಂತು, ಗಂಡನ ಬೀಡಿ ಹೊಗಿ ಮನಿ ತುಂಬ ಅದ. ಹವಾಲ್ದಾರ ಒಬ್ಬನ ಉಳಿದಾ. ಅವನ್ನೂ ಯಾರೋ ಕೋಣ್ಯಾಗ ಹಾಕಿ ಕೀಲಿ ಹಾಕ್ಯಾರ! ಇನ್ನ ಡಂಗುರದವರನ್ನ ಕೇಳವ್ರು ಯಾರು? ಒಂದು ಚಿಟಿಕಿ ಖಾರಕ್ಕ ಊರಿಗೇ ಬೆಂಕಿ ಬಿದ್ದಂಗ ಕೂಗತಾರ. ನೋಡ್ರಿ ಬೇಕಾದ್ರ."

ಡಬ್ಬಿ ತೆರೆದರು. ರುಕ್ಮವ್ವ ಸೀನಿದಳು. ಮುಂದಿನ ಸಾಲಿನವರು ನಕ್ಕರು. ಮತ್ತೆ ಸೀನಿದಳು. ಯಾರೋ ಹಿಂದಿನಿಂದ ಎಣಿಸತೊಡಗಿದರು. ಉಳಿದವರು ಕ್ರಿಕೆಟ್ ಆಟದಲ್ಲಿ ಕೂಗುವಂತೆ ದನಿ ಕೂಡಿಸಿದರು. ಸೆರಗು ಸಾಲದೆ ಇಳಕಲ್ ಸೀರೆಯ ನೆರಿಗೆಯಿಂದ ಮುಖ ಒರೆಸಿಕೊಂಡಳು. ಕೆಮ್ಮು ಬಂದು ಕುರ್ಚಿಯ ಕೈ ಹಿಡಿದು ಬಗ್ಗಿದಳು. ಫೋಟೋದವನು ಮಂಡಿಯೂರಿ ಕುಳಿತು ಫೋಟೋ ತೆಗೆದ. ಬಾಗಿಲಲ್ಲಿ ನಿಂತಿದ್ದ ಭಾಗಪ್ಪ ಹೊರಗೆ ಹೋದ.

"ಹವಾಲ್ದಾರನ್ನ ಕೂಡಿ ಹಾಕಿದವ್ರು ಯಾರು?" ರಾಯರು ಗುಳಿಗೆಯ ಪಟ್ಟಿಯನ್ನು ಎತ್ತಿ ಹಿಡಿದರು. "ಇದು! ಈ ಬೀಪಿ ಗುಳಿಗಿ! ಭಾಳ ಮಂದಿಗೆ ಏನೂ ಆಗೂದಿಲ್ಲ, ಕೆಲವರಿಗೆ ಹಿಂಗ ಆಗ್ತದ. ಈ ಕಿಣ್ವದ ಗೊಡವಿಗೆ ಹೋಗದಂಥ ಬ್ಯಾರೆ ಬೀಪಿ ಗುಳಿಗಿನೂ ಅವ. ಡಾಕ್ಟರು ಬದಲಿ ಮಾಡಿದ್ರ ಮುಗೀತು. ಈಕಿ ಮೊದಲ ದಿನ ನಮ್ಮ ಮನಿಗೆ ಬಂದಾಗ, ಪಟ್ಟಿ ನೋಡಿದ ಕೂಡ್ಲೆ ಗುರುತು ಹಿಡಿದೆ!"

ಚಪ್ಪಾಳೆ ಬಿತ್ತು. ಅದು ನಿಂತ ಮೇಲೆ ರುಕ್ಮವ್ವ ಮೂಗಿಗೆ ಸೀರೆ ಹಿಡಿದುಕೊಂಡೇ ಕೇಳಿದಳು.

"ಸರ್ರ, ಗುಳಿಗಿ ಬದ್ಲಿ ಮಾಡಿದ್ರ ನಿಲ್ತಿತ್ತೇನ್ರಿ ಇದು?"

"ನಿಲ್ತದ. ಒಂದೆರಡು ವಾರ, ಭಾಳಂದ್ರ ಸ್ವಲ್ಪ ಹೆಚ್ಚು."

"ಮತ್ತ ಸಂಕ್ರಮಣದಾಗ ಬಂದಾಗ್ಲೇ ಬದ್ಲಿ ಮಾಡಿದ್ರ?"

"ಇಷ್ಟೊತ್ತಿಗೆ ಪೂರ್ತಿ ಗುಣ ಆಗಿರ್ತಿತ್ತು!" ಎಂದರು ರಾಯರು, ಜಾಣ ವಿದ್ಯಾರ್ಥಿನಿ ಸಿಕ್ಕ ಸಂತೋಷದಲ್ಲಿ. "ಅದಕ್ಕ ಹೇಳಲಿಲ್ಲ. ಗುಣ ಆಗಿದ್ರ ಇವತ್ತು ಈ ಸಭಾಕ್ಕ ನಾ ಏನ ತೋರಸಬೇಕಾಗಿತ್ತು?"

ಸಭೆ ಇದನ್ನು ಚಟಾಕಿಯೆಂದು ತಿಳಿದು ನಕ್ಕು ಮತ್ತೊಮ್ಮೆ ಚಪ್ಪಾಳೆ ತಟ್ಟಿತು. ನಗದಿದ್ದವಳು ರಾಯರ ಮಗಳು ಶರ್ವರಿ ಒಬ್ಬಳೇ. ಆಕೆ ಎದ್ದು, "ಅಪ್ಪಾ, ನಾಚಿಕಿ ಆಗಬೇಕು ನಿಮಗ," ಎಂದು ವೇದಿಕೆ ಹತ್ತಿ, ರುಕ್ಮವ್ವನ ಕೈ ಹಿಡಿದು ಕರೆದುಕೊಂಡು ಹೋದಳು. ಗೊತ್ತಿದ್ದ ಡಾಕ್ಟರ ಕಡೆಯಿಂದ ಅವತ್ತೇ ಗುಳಿಗೆ ಬದಲಿ ಮಾಡಿಸಿದಳು. "ಹುಡುಗರಿಗೆ ಸಂಶೋಧನಾ ವಿಧಾನ ತಿಳಿಯೂದಿಲ್ಲ," ಎಂದು ರಾಯರು ಸಭೆಗೆ ಸಮಜಾಯಿಷಿ ಕೊಟ್ಟರು. ಅಧ್ಯಕ್ಷರು ಆ ದಿನ ಪೂರ್ತಿ ಎಚ್ಚರವಿದ್ದರು.

ಸೋಮವಾರ ಬೆಳಿಗ್ಗೆ ರುಕ್ಮವ್ವ ಗಿರಣಿಗೆ ಹೋದಳು. ಮತ್ತೆ ಕುಟ್ಟಲು ಕೊಟ್ಟಿದ್ದ ಖಾರದ ಚೀಲ ಇಸಿದುಕೊಂಡು ಬರಲು ನಾನೂ ಅಲ್ಲಿದ್ದೆ. ಒನಕೆಯ ಮುಂದೆ ಆಗಲೇ ಬಬಲೇಶ್ವರದ ಹೆಂಗಸು ನಿಂತಿದ್ದಳು, ಮೂಗಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡು.

"ಗುಳಿಗೀದು ಕಿತಾಪತಿ ಅಂತಪ್ಪಾ," ಎಂದಳು ರುಕ್ಮವ್ವ. "ಬದ್ಲಿ ಮಾಡ್ಯಾರ. ಇನ್ನೆರಡು ವಾರ ತಡಿ."

"ನಾ ತಡೀತಿದ್ನಿ ಬೇ," ಎಂದ ಶಂಕರೆಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದಾಗಿತ್ತು. "ನಿನ್ನಿ ಅಲ್ಲಿ ಕುಂತು ಚಪ್ಪಾಳಿ ಹೊಡದವ್ರು ಯಾರ್ ಗೊತ್ತೈತೇನು? ಎಲ್ಲಾ ನನ್ನ ಗಿರಾಕಿ. ಮುಂಜಾನಿಂದ ಫೋನ್ ಮ್ಯಾಲೆ ಫೋನ್. ಆ ಸೀನೂ ಹೆಂಗಸು ಇನ್ನೂ ನಿನ್ನ ಹತ್ರ ಅದಾಳೇನು ಅಂತ."

"ಮೂಗು ನಿಲ್ತೈತಿ ಅಂದಾರ."

"ಮೂಗು ನಿಲ್ತೈತಿ. ಮಂದಿ ಕಣ್ಣಾಗ ಕುಂತದ್ದು ನಿಲ್ಲೂದಿಲ್ಲ."

ಯುಗಾದಿಯ ಹೊತ್ತಿಗೆ ಮೂಗು ನಿಂತಿತು, ಕೆಮ್ಮೂ ಹೋಯಿತು. ರುಕ್ಮವ್ವ ಗಿರಣಿಗೆ ಹೋಗಿ ಎಲ್ಲರ ಎದುರು ಒಂದು ಬೊಗಸೆ ಖಾರ ಮುಖದ ಹತ್ತಿರ ಹಿಡಿದು ಉಸಿರೆಳೆದು ತೋರಿಸಿದಳು. ಸೀನಲಿಲ್ಲ. ಕಾವಲು ಕುಳಿತಿದ್ದ ಹೆಂಗಸೊಬ್ಬಳು ತನ್ನ ಖಾರದ ಬುಟ್ಟಿಯನ್ನು ಮೆಲ್ಲಗೆ ಆಚೆ ಸರಿಸಿಕೊಂಡಳು. ಬಬಲೇಶ್ವರದಾಕೆ ಬಟ್ಟೆಯೊಳಗೇ ಎರಡು ಸಲ ಸೀನಿದಳು. ಅವು ಜೋಡಿ ಸೀನು, ನಡೆಯುತ್ತದೆ. ಮನೆಯಲ್ಲಿ ಸಪ್ನಾ ಎತ್ತಿಟ್ಟಿದ್ದ ತಾಟೂ ಮತ್ತೆ ಗೂಡಿಗೆ ಸೇರಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಯಾರೂ ಸೇರಿಸಲೂ ಇಲ್ಲ. ರುಕ್ಮವ್ವ ಓಣಿಯವರ ಜೋಳ ಹಸನು ಮಾಡಿಕೊಡುವ ಕೆಲಸ ಹಿಡಿದಳು, ಒಂದು ದಿನ ಇದ್ದರೆ ಎರಡು ದಿನ ಇಲ್ಲ.

ಇತ್ತ ಬಳಗದವರು ರಾಯರನ್ನು ಸನ್ಮಾನಿಸಿದರು. ರಾಯರು ದೊಡ್ಡ ಮನಸ್ಸಿನವರು. "ಈ ಗೌರವದಾಗ ಆಕೀದೂ ಪಾಲದ," ಎಂದು ಒಂದು ಶಾಲು, ಒಂದು ಫ್ರೇಮು ಹಾಕಿಸಿದ ಫೋಟೋ ಹಿಡಿದು ಇಬ್ರಾಹಿಂಪುರಕ್ಕೆ ಹೊರಟರು. ಫ್ರೇಮು ಹೊರಲು ನನ್ನನ್ನು ಕರೆದರು. ಫೋಟೋದಲ್ಲಿ ರುಕ್ಮವ್ವ ಕಣ್ಣು ಮುಚ್ಚಿ, ಬಾಯಿ ತೆರೆದು, ಸೀನಿನ ನಡುಮಧ್ಯದಲ್ಲಿದ್ದಳು. ಪಕ್ಕದಲ್ಲಿ ರಾಯರು ಡಬ್ಬಿ ಹಿಡಿದು ನಗುತ್ತಿದ್ದರು.

ಮಧ್ಯಾಹ್ನದ ಬಿಸಿಲು. ರೈಲು ಹಳಿಯ ಹತ್ತಿರದ ತನ್ನ ತಗಡಿನ ಮನೆಯ ಮುಂದೆ ರುಕ್ಮವ್ವ ಮೊರ ಹಿಡಿದು ಕುಳಿತಿದ್ದಳು. ಮೊರದಲ್ಲಿ ಜೋಳ ತಳ ಕಂಡಿತ್ತು. ರಾಯರು ಆ ಬಿಸಿಲಲ್ಲಿ ಆಕೆಗೆ ಉಣ್ಣೆಯ ಶಾಲು ಹೊದಿಸಿದರು, ಫೋಟೋ ಕೈಗಿತ್ತರು. ಆಕೆ ಅದನ್ನು ನೋಡಿ, ಮಗುಚಿ, ಪಕ್ಕದಲ್ಲಿಟ್ಟಳು.

"ನಿನ್ನ ಮೂಗಿನಿಂದ ವಿಜ್ಞಾನಕ್ಕ ಭಾಳ ದೊಡ್ಡ ಉಪಕಾರ ಆತು, ರುಕ್ಮವ್ವಾ," ಎಂದು ರಾಯರು ಗಂಟಲು ಸರಿಮಾಡಿಕೊಂಡರು. "ಖರೇ ಹೇಳು, ಆ ಮೂಗಿನ ಬಗ್ಗೆ ಈಗ ನಿನಗ ಹೆಮ್ಮೆ ಅನಸ್ತದೋ ಇಲ್ಲೋ?"

ರುಕ್ಮವ್ವ ಶಾಲು ತೆಗೆದು ಮಡಿಚಿ ಅವರ ಕೈಯಲ್ಲೇ ಇಟ್ಟಳು.

"ಮೂಗಿನ ತಳಗ ಒಂದ್ ಬಾಯಿ ಐತ್ರಿ ಸರ್ರ. ಅದು ಹೆಮ್ಮಿ ತಿನ್ನೂದಿಲ್ಲ."